ಎಂಟು ಮಂಚದ ಬಂಗಲೆ

ವನಜಾ ಎಂಟೂ ಹೆಸರು ಓದಿ ಮುಗಿಸಿ ನೋಟ್‌ಬುಕ್ ಮುಚ್ಚಿದಳು. ಅದರಲ್ಲಿ ಸುಂದರಾಬಾಯಿಯ ಹೆಸರು ಇರಲಿಲ್ಲ.

ನಾರಾಯಣಗೂಡದ ನಲಿನಿಬಾಯಿಯ ಮನೆಯಲ್ಲಿ ಶನಿವಾರದ ಭಜನೆ ಆಗಷ್ಟೇ ಮುಗಿದಿತ್ತು. ಮಂಡಳಿಯ ಹೆಂಗಸರು ಮುಂದಿನ ವಾರ ಎರಡು ದಿನ ಕಾಡಿಗೆ ಹೊರಟಿದ್ದರು. ನಿಜಾಮರ ಕಾಲದ ಶಿಕಾರಿ ಬಂಗಲೆ, ಈಗ ಅರಣ್ಯ ಇಲಾಖೆಯದು. ಮೆಟಾಡೋರ್ ವ್ಯಾನು ಗೊತ್ತುಮಾಡಿಯಾಗಿತ್ತು, ಹಾಡುವ ದಾಸರ ಪದಗಳೂ ನಿಶ್ಚಯವಾಗಿದ್ದವು. ಬಂಗಲೆಯಲ್ಲಿ ಮಂಚ ಎಂಟೇ. ಎಂಟು ಜನರ ಮೇಲೆ ಒಬ್ಬರಿಗೂ ಪರವಾನಗಿ ಇಲ್ಲ. ಪಟ್ಟಿ ಸೋಮವಾರ ಬೆಳಿಗ್ಗೆ ಇಲಾಖೆಯ ಆಫೀಸು ಸೇರಬೇಕಿತ್ತು.

ಅಲ್ಲೇ ಭಜನೆಗೆ ಕೂತಿದ್ದ ಸುಂದರಾಬಾಯಿಗೆ ಎಪ್ಪತ್ತೊಂದು. ಅವರ ಯಜಮಾನರು ವಾಸುದೇವರಾಯರು ಅದೇ ಇಲಾಖೆಯಲ್ಲಿ ಗುಮಾಸ್ತರಾಗಿದ್ದಾಗ ವರ್ಷಕ್ಕೆರಡು ಸಲ ಆ ಬಂಗಲೆಗೆ ಕ್ಯಾಂಪ್ ಹೋಗುತ್ತಿದ್ದರು. ಬಂದ ಮೇಲೆ ವಾರವಿಡೀ ಅದೇ ಮಾತು: ವರಾಂಡದವರೆಗೂ ಬರುವ ನವಿಲು, ನಸುಕಿನಲ್ಲಿ ಕೆರೆಗಿಳಿಯುವ ಜಿಂಕೆ. ಒಂದು ಸಲ "ನೀನೂ ಬರ್ತೀಯೇನು?" ಎಂದು ಕೇಳಿದ್ದರು. "ನನಗ್ಯಾಕರಿ, ನೀವು ಹೋಗಿ ಬರ್ರಿ" ಎಂದಿದ್ದರು ಸುಂದರಾಬಾಯಿ. ರಾಯರು ಒಬ್ಬರೇ ಹೋಗಿಯೇಬಿಟ್ಟರು. ಕಲಬುರ್ಗಿ ಕಡೆಯ ಮನೆಗಳಲ್ಲಿ ಊಟಕ್ಕೆ ಏಳಿ ಎಂದರೂ ಮೊದಲು ಒಲ್ಲೆ ಎನ್ನುವುದು ರೂಢಿ. ಎರಡನೆಯ ಸಲ ಕೇಳಿದರೆ ಈಗಷ್ಟೇ ಊಟ ಆಗೇದ ಎನ್ನಬೇಕು, ಮೂರನೆಯ ಸಲಕ್ಕೆ ಎದ್ದು ಕೈ ತೊಳೆಯಬೇಕು. ಬಂದವರಿಗೆಲ್ಲ ಮೂರು ಸಲ ಕೇಳುತ್ತಿದ್ದ ರಾಯರು ಮನೆಯವಳಿಗೆ ಒಂದೇ ಸಲ ಸಾಕು ಅಂದುಕೊಂಡರು. ಅವರು ತೀರಿಕೊಂಡು ಆರು ವರ್ಷವಾಗಿತ್ತು, ಆ ಬಂಗಲೆ ನೋಡುವ ಆಸೆ ಮಾತ್ರ ಹಾಗೇ ಇತ್ತು.

ಈಗ ವನಜಾಳೂ ಅದನ್ನೇ ಮಾಡಿದ್ದಳು. ಆಕೆ ಹಾಸನದ ಕಡೆಯವಳು, ಒಂದು ಆಫೀಸಿನಲ್ಲಿ ಸ್ಟೆನೋ, ಹೋದ ವರ್ಷವಷ್ಟೇ ಮಂಡಳಿ ಸೇರಿ ಕಾರ್ಯದರ್ಶಿಯಾದವಳು. ಹಿಮಾಯತ್‌ನಗರದಲ್ಲಿ ಸುಂದರಾಬಾಯಿ ಎದುರಾದಾಗ ಕೇಳಿದ್ದಳು. "ನನಗ್ಯಾಕವಾ, ನೀವು ಹೋಗಿ ಬರ್ರಿ" ಎಂಬ ಉತ್ತರ ಬಂದದ್ದೇ ತಡ, ರಸ್ತೆಯಲ್ಲಿ ನಿಂತೇ ಹೆಸರಿನ ಮುಂದೆ ಕಾಟು ಹಾಕಿದ್ದಳು. ಬೇಡ ಎಂದವರನ್ನು ಮತ್ತೆ ಮತ್ತೆ ಕೇಳಿ ಪೀಡಿಸುವುದು ಅವಳಿಗೆ ಸರಿ ಕಾಣುತ್ತಿರಲಿಲ್ಲ. ಇತ್ತ ಸುಂದರಾಬಾಯಿ ವಾರವಿಡೀ, ಬಾಗಿಲು ಬಡಿದಾಗಲೆಲ್ಲ ಅವಳೇ ಇರಬೇಕೆಂದು ಎದ್ದೆದ್ದು ಹೋಗಿದ್ದರು.

"ಅಲ್ಲೆ ಥಂಡಿ ಭಾಳ ಇರ್ತದಂತ," ಎಂದರು ಸುಂದರಾಬಾಯಿ, ಯಾರನ್ನೂ ನೋಡದೆ. "ನಮ್ಮ ಮನ್ಯಾಗ ಎರಡು ಛಲೋ ರಗ್ಗು ಅವ."

"ಅಯ್ಯೋ, ಕೊಟ್ರೆ ತುಂಬಾ ಉಪಕಾರ ಆಗುತ್ತೆ. ನಾಳೆ ಬಂದು ತಗೊಂಡು ಹೋಗ್ತೀನಿ," ಎಂದಳು ವನಜಾ.

"ಅಡಗಿಗೆ ಹಿರಿಯಾರು ಒಬ್ಬರು ಜೊತೀಗೆ ಇದ್ರ..."

"ಅಲ್ಲಿ ಅಡುಗೆಯವನು ಇದ್ದಾನಂತೆ. ನೀವು ಅದರ ಚಿಂತೆ ಮಾಡಬೇಡಿ."

ಸುಂದರಾಬಾಯಿಯ ಹತ್ತಿರ ಇನ್ನು ಸೂಚನೆಗಳು ಉಳಿದಿರಲಿಲ್ಲ. ಜೀವಮಾನದಲ್ಲಿ ಎಂದೂ ಆಡದ ಮಾತನ್ನು ಆಡಿಯೇಬಿಟ್ಟರು: "ವನಜಾ, ನನಗ ಬರೋ ಆಸೆ ಭಾಳ ಅದ. ನಾ ಬರ್ತೀನಿ."

ವನಜಾ ಕಂಗಾಲಾದಳು. "ನಾನು ಕೇಳಿದ್ನಲ್ಲ? ನೀವೇ ಬೇಡ ಅಂದ್ರಿ."

"ಒಂದ ಸಲ ಕೇಳಿದಿ."

"ಮತ್ತೆ ಎಷ್ಟು ಸಲ ಕೇಳಬೇಕಿತ್ತು?"

"ಮೂರು!" ಎಂದಿತು ಇಡೀ ಮಂಡಳಿ, ಪಲ್ಲವಿ ಹಿಡಿದ ಹಾಗೆ.

ವನಜಾಳ ಮುಖ ಸಣ್ಣದಾಯಿತು. ಪಟ್ಟಿ ತುಂಬಿಹೋಗಿತ್ತು. ಆಗ ಮಂಡಳಿಯ ಅಧ್ಯಕ್ಷೆ ನಲಿನಿಬಾಯಿ, "ನನ್ನ ಹೆಸರು ಹೊಡದು ಅಕ್ಕಾರ ಹೆಸರು ಬರೀರಿ," ಎಂದರು. ಎರಡು ತಿಂಗಳಿಂದ ಈ ಪ್ರವಾಸಕ್ಕೆ ಓಡಾಡಿದವರೇ ಅವರು. "ಎಂಥಾ ದೊಡ್ಡ ಮನಸು!" ಎಂದು ಯಾರೋ ಕಣ್ಣೊರೆಸಿಕೊಂಡರು.

ಬ್ಯಾಡ ಬ್ಯಾಡ ಎನ್ನಲು ಸುಂದರಾಬಾಯಿಯ ಬಾಯಿ ತಾನಾಗಿ ತೆರೆಯಿತು. ತಡೆದುಕೊಂಡರು. "ಖರೇ ಹೇಳು ನಲಿನಿ. ನಿನಗ ಹೋಗೋ ಮನಸು ಅದನೋ ಇಲ್ಲೋ?"

ನಲಿನಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ಇಲ್ರಿ ಅಕ್ಕಾ! ನನಗ ಹಲ್ಲಿ ಕಂಡ್ರ ಸೈತ ಜೀವ ಹೋಗ್ತದ, ಇನ್ನ ಕಾಡಿಗೆ ಹ್ಯಾಂಗ ಹೋಗ್ಲಿ? ನಮ್ಮ ಮನಿಯವರ ಸಾಹೇಬರು ಬಂಗಲಾ ಕೊಡಸ್ತೀನಿ, ಕೊಡಸ್ತೀನಿ ಅಂತ ಮೂರು ಸಲ ಅಂದ್ರು. ಮೂರನೇ ಸಲಕ್ಕೂ ಒಲ್ಲೆ ಅಂದ್ರ ಛಂದ ಕಾಣ್ತದೇನು? ಹೂಂ ಅಂದುಬಿಟ್ಟೆ."

ವನಜಾ ಪೆನ್ನು ಕೆಳಗಿಟ್ಟು ಸುತ್ತ ನೋಡಿದಳು. "ಇಂಥವರು ಇನ್ನೂ ಯಾರಾದರೂ ಇದ್ದೀರಾ?"

ಗೋಡೆಗೊರಗಿ ಕೂತಿದ್ದ ಶಾಮಲಾಬಾಯಿಯ ಕೈ ಅಳುಕುತ್ತ ಮೇಲೆದ್ದಿತು. "ನಲಿನಿಬಾಯಿ ಮೂರು ಸಲ ಫೋನ್ ಮಾಡಿ ಕರದ್ರು, ನಾ ಏನ್ ಮಾಡ್ಲಿ?" ಅದರ ಹಿಂದೆಯೇ ಇನ್ನೆರಡು ಕೈ. ಬಳೆಗಳ ಸದ್ದಿನ ಜೊತೆಗೆ ನಗೆಯೂ ಎದ್ದು, ವನಜಾ ಕೂಡ ಹಣೆ ಚಚ್ಚಿಕೊಂಡು ನಗತೊಡಗಿದಳು.

ನಗು ನಿಲ್ಲುವ ತನಕ ಸುಂದರಾಬಾಯಿ ಕಾಯಲಿಲ್ಲ. ಸರಿದು ಬಂದು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟರು.

"ನನಗ ಕಿಡಕಿ ಕಡೀ ಮಂಚ ಅಂತ ಬರಕೋ."