ನಡುಗದ ಕಾರು

ಮೂರನೆಯ ಸಲವೂ ಮೆಕ್ಯಾನಿಕ್ ಸೆಮಿಸಿ ಲೊಯಿಮಾತಾಳ ಕಾರನ್ನು ಬಂದರಿನವರೆಗೆ ಓಡಿಸಿಕೊಂಡು ಹೋಗಿ ವಾಪಸು ತಂದ. ಗ್ಯಾರೇಜಿನ ಮುಂದಿನ ದೀವಿಹಲಸಿನ ನೆರಳಲ್ಲಿ ನಿಲ್ಲಿಸಿ, ಇಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಅವನು ಮುಚ್ಚಿದ ರೀತಿಯಲ್ಲೇ ಲೊಯಿಮಾತಾಳಿಗೆ ಉತ್ತರ ತಿಳಿದುಹೋಯಿತು.

“ಬೆಣ್ಣೆ ಹಾಗೆ ಹೋಗ್ತಿದೆ ಟೀಚರ್,” ಎಂದ. ಒಂದು ಕಾಲಕ್ಕೆ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು. ಈಗ ಅವಳ ಮುಖ ನೋಡಲಾರದೆ ಬಟ್ಟೆಗೆ ಕೈ ಒರೆಸಿಕೊಳ್ಳತೊಡಗಿದ.

“ಏರಲ್ಲಿ ಆಕ್ಸಿಲರೇಟರ್ ಒತ್ತಿದಾಗ ನಡುಗತ್ತೆ ಕಣೋ. ಕೂತ ಸೀಟೇ ನಡುಗತ್ತೆ. ಕಾಲು ತೆಗೆದ್ರೆ ನಡುಕ ನಿಂತುಹೋಗತ್ತೆ.”

ಇದನ್ನು ಅವಳು ಹಿಂದೆಯೂ ಹೇಳಿದ್ದಳು. ಸೆಮಿಸಿ ಚಕ್ರಗಳ ಬ್ಯಾಲೆನ್ಸ್ ನೋಡಿದ್ದ, ಪ್ಲಗ್ಗು ಬದಲಿಸಿದ್ದ, ಎಂಜಿನ್ ಕೂರುವ ರಬ್ಬರುಗಳನ್ನೂ ಹೊಸದಾಗಿ ಹಾಕಿದ್ದ. ವಿಚಿತ್ರವೆಂದರೆ, ಗ್ಯಾರೇಜಿಗೆ ಬರುವಾಗ ಅವಳಿಗೂ ನಡುಕ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಅಣ್ಣನ ತೋಟದ ಕೆಸುವಿನ ಗಡ್ಡೆಯನ್ನು ಸಲೆಲೊಲೊಂಗಾ ಮಾರುಕಟ್ಟೆಗೆ ತರುವಾಗ ಹಲ್ಲು ಕಟಕಟಿಸುವಷ್ಟು ನಡುಗಿದ ಕಾರು, ಮೂಟೆ ಇಳಿಸಿ ಇತ್ತ ತಿರುಗುವಷ್ಟರಲ್ಲಿ ಸಾಧು ಹಸುವಾಗಿಬಿಡುತ್ತಿತ್ತು. ನಡುಗಿದ್ದು ನಿಜವೋ, ನಡುಗಿತೆಂದು ತನಗೆ ಅನ್ನಿಸಿದ್ದೋ?

ಮಗಳು ಸಿಯೆನಿಯನ್ನು ಕೇಳಿದ್ದರೆ ಎರಡನೆಯದೇ ಎನ್ನುತ್ತಿದ್ದಳು. ಕಳೆದ ತಿಂಗಳು ಲೊಯಿಮಾತಾ ಪಾದ್ರಿಗಳ ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿದ್ದಳು. ಮೊಮ್ಮಗಳನ್ನು ಸತ್ತ ತಂಗಿಯ ಹೆಸರು ಹಿಡಿದು ಕರೆದಿದ್ದಳು. ಅವತ್ತಿನಿಂದ ಸಿಯೆನಿ, ಇನ್ನು ಗಾಡಿ ಓಡಿಸಿದ್ದು ಸಾಕು ಎಂದು ಹಿತವಾಗಿ, ಆದರೆ ಬಿಡದೆ ಹೇಳುತ್ತಿದ್ದಳು. ಈ ಸಲ ಲೊಯಿಮಾತಾ ವಾದಿಸಲಿಲ್ಲ. ಮನೆಗೆ ಹೋಗಿ ಕೀಲಿಯನ್ನು ಮಗಳ ಕೈಗಿಟ್ಟಳು. ಪಾತ್ರೆ ತೊಳೆಯುವಾಗ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ನಡುಗುತ್ತಿರಲಿಲ್ಲ. ಅದೂ ಅವಳಿಗೆ ಸಮಾಧಾನ ಕೊಡಲಿಲ್ಲ.

ಮರುದಿನ ಭಾನುವಾರ. ಪ್ರಾರ್ಥನೆ ಮುಗಿಸಿ ಎಲ್ಲರೂ ಅಣ್ಣನ ಮನೆಯ ಊಟಕ್ಕೆ ಹೊರಟರು. ಸಿಯೆನಿ ಓಡಿಸುತ್ತಿದ್ದಳು. ಪಕ್ಕದಲ್ಲಿ ಬಾಗಿಲಿನಷ್ಟು ಅಗಲದ ಅಳಿಯ. ಹಿಂದಿನ ಸೀಟಿನಲ್ಲಿ ಲೊಯಿಮಾತಾಳ ಆಚೆಗೊಬ್ಬಳು ಈಚೆಗೊಬ್ಬಳು ಅಳಿಯನ ಅಕ್ಕಂದಿರು, ಡಿಕ್ಕಿಯಲ್ಲಿ ತುಂಬಿದ ಪಾತ್ರೆಗಳು. ಏರು ಬಂತು. ಸಿಯೆನಿ ಆಕ್ಸಿಲರೇಟರ್ ಒತ್ತಿದಳು. ಸೀಟುಗಳು ಗಡಗಡ ನಡುಗಿದವು, ಡಿಕ್ಕಿಯಲ್ಲಿ ಮುಚ್ಚಳಗಳು ತಾಳ ಹಾಕಿದವು. ಸಿಯೆನಿ ಕಾಲು ತೆಗೆದು ಮತ್ತೆ ಒತ್ತಿದಳು, ಮತ್ತೆ ನಡುಗಿತು.

“ಅಮ್ಮಾ,” ಎಂದಳು ಸಿಯೆನಿ ಕೊನೆಗೆ, “ನಡುಗ್ತಿರೋದು ಗೊತ್ತಾಗ್ತಿದೆಯಾ?”

“ನಂಗೇನೂ ಗೊತ್ತಾಗ್ತಿಲ್ವಲ್ಲೇ,” ಎಂದಳು ಲೊಯಿಮಾತಾ, ಸಮುದ್ರದ ಕಡೆ ನೋಡುತ್ತ. ಎಷ್ಟೋ ದಿನಗಳ ಮೇಲೆ ಅವಳಿಗೆ ಜೋರಾಗಿ ಹಾಡಬೇಕೆನ್ನಿಸಿತು.

ಸೋಮವಾರ, ಭಾನುವಾರದ ಪ್ರಯಾಣದ ಕತೆ ಕೇಳಿದ ಸೆಮಿಸಿ, ಗ್ಯಾರೇಜಿನಲ್ಲಿ ಹರಟೆಗೆ ಬಂದಿದ್ದ ಮೂವರು ದಢೂತಿಗಳನ್ನು ಹಿಂದೆ ಕೂರಿಸಿಕೊಂಡು ಏರು ಹತ್ತಿಸಿದ. ವಾಪಸು ಬಂದವನು ಹಣೆ ಚಚ್ಚಿಕೊಂಡ. ಕೆಸುವಿನ ಮೂಟೆಗಳ ಸುದ್ದಿಯನ್ನು ತಾನು ಕೇಳಲೇ ಇಲ್ಲವಲ್ಲ ಎಂದು ಪೇಚಾಡಿದ. ಕಾರನ್ನು ಎತ್ತಿ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಆಕ್ಸಲನ್ನು ಬಿಚ್ಚಿ, ಒಳಗಡೆಯ ಜಾಯಿಂಟನ್ನು ಅವಳ ಅಂಗೈಗೇ ಇಟ್ಟ. ಗ್ರೀಸಿನ ಅಡಿಯಲ್ಲಿ ಹಳ್ಳ ಬಿದ್ದಂತೆ ಸವೆದಿತ್ತು.

“ಹಿಂದೆ ಭಾರ ಕೂತ್ರೆ ಗಾಡಿ ಮೂತಿ ಮೇಲೇಳತ್ತೆ ಟೀಚರ್. ಆಕ್ಸಲ್ ಓರೆಯಾಗತ್ತೆ, ಸವೆದ ಜಾಗದಲ್ಲೇ ಹೊರಳತ್ತೆ. ಖಾಲಿ ಇದ್ರೆ ಎಷ್ಟು ಓಡಿಸಿದ್ರೂ ಗೊತ್ತಾಗಲ್ಲ. ತಪ್ಪು ನಂದು.”

ಆಚೆ ದ್ವೀಪದ ಆಪಿಯಾ ಪಟ್ಟಣದಿಂದ ದೋಣಿಯಲ್ಲಿ ಹೊಸ ಆಕ್ಸಲ್ ಬಂತು. ಶುಕ್ರವಾರ ಜೋಡಿಸಿ, ಪರೀಕ್ಷೆಗೆಂದು ಡಿಕ್ಕಿಯಲ್ಲಿ ನಾಲ್ಕು ಮರಳುಮೂಟೆ ಹಾಕಿಕೊಟ್ಟ. ಸಿಯೆನಿ ತಾಯಿಯ ಕೆನ್ನೆಗೆ ಮುತ್ತಿಟ್ಟು, ಕೀಲಿಯನ್ನು ಅವಳ ಮುಷ್ಟಿಯೊಳಗಿಟ್ಟು ಬೆರಳು ಮಡಿಸಿದಳು.

ಲೊಯಿಮಾತಾ ಒಬ್ಬಳೇ ಹೊರಟಳು. ಏರಿನಲ್ಲಿ ಬೇಕೆಂದೇ ಜೋರಾಗಿ ಒತ್ತಿದಳು. ಕಾರು ಉಸಿರೆತ್ತದೆ ಏರಿತು. ಹಾಡುತ್ತ ಹಾಡುತ್ತ ಊರಿನ ಇಗರ್ಜಿಯ ಬಳಿ ಬಂದಳು. ಅಲ್ಲಿ ದಾರಿ ಎರಡಾಗುತ್ತದೆ. ಅವಳು ಕಾರು ನಿಲ್ಲಿಸಿದಳು. ಎಡಕ್ಕೂ ತೆಂಗಿನ ಸಾಲು, ಬಲಕ್ಕೂ ತೆಂಗಿನ ಸಾಲು. ನಲವತ್ತು ವರ್ಷ ಓಡಾಡಿದ ಜಾಗ. ಎರಡೂ ತನ್ನ ದಾರಿಯೆನ್ನಿಸಿತು, ಎರಡೂ ಅಲ್ಲವೆನ್ನಿಸಿತು.

ರಸ್ತೆಯಂಚಿನಲ್ಲಿ ಸಿಹಿ ಉಂಡೆ ಕರಿಯುತ್ತಿದ್ದ ಹೆಂಗಸು ಕೈಬೀಸಿದಳು. “ಬನ್ನಿ ಟೀಚರ್, ಎರಡು ತಿಂದು ಹೋಗಿ.”

ಲೊಯಿಮಾತಾ ಕಿಟಕಿಯಿಂದ ತಲೆ ಹೊರಹಾಕಿದಳು. “ನಮ್ಮನೆಗೆ ಯಾವ ಕಡೆ ಹೋಗ್ಬೇಕಮ್ಮ?”

ಆ ಹೆಂಗಸು ಜಾಲರಿ ಸೌಟನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೀಚರ್ ತಮಾಷೆ ಎಂದರೆ ಊರಿಗೆಲ್ಲ ಗೊತ್ತು. ಲೊಯಿಮಾತಾಳೂ ನಕ್ಕಳು. ನಕ್ಕು, ಉತ್ತರಕ್ಕಾಗಿ ಕಾದಳು.