ಹಿಂದಿನ ಕೋಣೆಯ ಸಿಗ್ನಲ್

"ನಿನ್ನೆ ಬರೋಕಾಗಲಿಲ್ಲ ಅಂತ ಕೋಪಾನಾ?"

ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ವಿದ್ಯಾಶ್ರೀಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದವನು ಅವಳ ಗಂಡ ಕಾಂತರಾಜ್. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳ ಕೋಪವನ್ನು ಅವನು ಒಂದು ದಿನವೂ ಇಷ್ಟು ಮೆತ್ತಗೆ ವಿಚಾರಿಸಿದ್ದಿಲ್ಲ.

"ಅವಳಿಗೆ ಗೊತ್ತಾದ್ರೆ ದೊಡ್ಡ ರಾಮಾಯಣ ಆಗುತ್ತೆ. ನೀನು ಅಳಬೇಡ. ನಾಳೆ ಬತ್ತೀನಿ."

ಆಮೇಲೆ ನಗು. ಹೆಂಡತಿಯ ಎದುರು ತುಟಿ ಹೊಲಿದುಕೊಂಡು ಉಣ್ಣುವ ಗಂಡಸಿನ ಹತ್ತಿರ ಇಂಥ ನಗು ಎಲ್ಲಿತ್ತು?

ಕಡೂರಿನ ಪೇಟೆಬೀದಿಯ ಹಿಂದಿದ್ದ ಆ ಮನೆಯನ್ನು ಕಟ್ಟಿಸಿದವರು ಕಾಂತರಾಜನ ತಾತ ಈರಭದ್ರಪ್ಪ. ಒಂದೂವರೆ ಮೊಳದ ಮಣ್ಣಿನ ಗೋಡೆ. ಒಂದರ ಹಿಂದೊಂದು ಹದಿನಾಲ್ಕು ಕೋಣೆ. ವೈಫೈ ಬಾಕ್ಸು ಇದ್ದದ್ದು ಬೀದಿ ಬದಿಯ ಕೋಣೆಯಲ್ಲಿ. ಪಡಸಾಲೆಗೆ ಬರುವಷ್ಟರಲ್ಲೇ ಅದರ ಸಿಗ್ನಲ್ಲು ಏದುಸಿರು ಬಿಡುತ್ತಿತ್ತು.

"ಹಿಂದಿನ ಕೋಣೇಲಿ ಮಾತ್ರ ಅದು ಹೆಂಗೋ ಚೆನ್ನಾಗಿ ಸಿಗುತ್ತೆ ಕಣೇ. ಕೊಬ್ಬರಿ ವ್ಯಾಪಾರದ ಫೋನು, ಮಧ್ಯದಲ್ಲಿ ಕಟ್ ಆಗಬಾರದು," ಎನ್ನುತ್ತಿದ್ದ ಕಾಂತರಾಜ್. ದಿನಾ ಸಂಜೆ ಅರ್ಧ ಗಂಟೆ ಅಲ್ಲಿ. ಬಾಗಿಲು ಬೇರೆ ಹಾಕಿಕೊಂಡು.

ಹಿಂದಿನ ಕೋಣೆ ಅತ್ತೆ ಮಲ್ಲಿಕಾಂಬ ಅವರದು. ವಿದ್ಯಾಶ್ರೀ ಅಲ್ಲಿಗೆ ಕಾಲಿಟ್ಟು ಮೂರು ವರ್ಷವಾಗಿತ್ತು. ಊಟದ ತಟ್ಟೆ ಒಯ್ದು ಕೊಡುತ್ತಿದ್ದವಳು ಕೆಲಸದ ಹುಲಿಯಮ್ಮ. ತನ್ನ ತವರಿನವರ ಬಗ್ಗೆ ಅತ್ತೆ ಅಂದ ಒಂದು ಮಾತಿಗೆ, ವಿದ್ಯಾಶ್ರೀ ಗಂಡನ ಕೈಯನ್ನು ಮಗಳು ಕೃತಿಕಾಳ ತಲೆಯ ಮೇಲೆ ಇಡಿಸಿ, ಇನ್ನು ಅಮ್ಮನ ಜೊತೆ ಮಾತಾಡುವುದಿಲ್ಲವೆಂದು ಆಣೆ ಹಾಕಿಸಿದ್ದಳು. ಹಾಗಾಗಿ ಮುದುಕಿ ಮಗನನ್ನು ಕೇಳುವಂತಿಲ್ಲ, ಸೊಸೆಗೆ ಬಂದು ಹೇಳುವವಳಂತೂ ಅಲ್ಲವೇ ಅಲ್ಲ. ಬೇರೆ ಹೆಂಗಸಿನ ಜೊತೆ ಸರಸಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕೇ? ಭಲೇ ಮಗ, ಭಲೇ ತಾಯಿ!

ಆ ಹೆಂಗಸು ಯಾರೆಂಬುದನ್ನೂ ಅವಳು ತೀರ್ಮಾನಿಸಿಬಿಟ್ಟಿದ್ದಳು. ತರೀಕೆರೆಯ ಸೌಮ್ಯ. ತನಗಿಂತ ಮೊದಲು ಇವನಿಗೆ ನೋಡಿದ್ದ ಹುಡುಗಿ. ಹೋದ ತಿಂಗಳು ಒಂದು ಮದುವೆಯಲ್ಲಿ ಸಿಕ್ಕವಳು, "ಏನ್ರೀ ಕಾಂತರಾಜ್, ಹಂಗೇ ಇದ್ದೀರಲ್ಲ!" ಅಂದಿದ್ದಳು. ಹಂಗೇ ಅಂದರೆ ಹೆಂಗೆ? ಆ ಮದುವೆಯೂಟ ವಿದ್ಯಾಶ್ರೀಗೆ ಇನ್ನೂ ಅರಗಿರಲಿಲ್ಲ. ಅನುಮಾನ ಪೆದ್ದರೋಗ ಅನ್ನುವುದು ಸುಮ್ಮನೆ ಅಲ್ಲ.

ಅವಳು ಒಂದು ಉಪಾಯ ಹೂಡಿದಳು. ಮನೆಯೆಲ್ಲ ಸಿಗ್ನಲ್ ಬರುವಂತೆ ಮಾಡಿಬಿಟ್ಟರೆ ಆ ಕೋಣೆಗೆ ಹೋಗಲು ನೆಪವೇ ಇರುವುದಿಲ್ಲ. ಮಾತಾಡುವುದಿದ್ದರೆ ಕಣ್ಣೆದುರೇ ಮಾತಾಡಲಿ. ಆಗಲೂ ಅಲ್ಲಿಗೇ ಹೋದನೋ, ಮಗಳನ್ನು ಕರೆದುಕೊಂಡು ಅಜ್ಜಂಪುರದ ತವರಿಗೆ ಹೊರಟುಬಿಡುವುದೇ. ಬಟ್ಟೆಯನ್ನು ಬ್ಯಾಗಿಗೆ ತುಂಬಿಯೂ ಆಗಿತ್ತು.

ಮರುದಿನ ಇಂಟರ್ನೆಟ್ಟಿನ ಚಂದ್ರಕುಮಾರ್ ಬಂದ. ಗೋಡೆಗೆ ಡ್ರಿಲ್ ಹಿಡಿದವನು ಬೆವರು ಒರೆಸಿಕೊಂಡ.

"ಅಕ್ಕಾ, ಇದು ಮನೆಯೋ ಕೋಟೆಯೋ?"

ಸಂಜೆಯ ಹೊತ್ತಿಗೆ ಪಡಸಾಲೆ, ಅಡುಗೆಮನೆ, ಅಟ್ಟ, ಮೂರು ಕಡೆಯೂ ಹೊಸ ಬಾಕ್ಸುಗಳು ಕೂತವು. ಆರು ಗಂಟೆಗೆ ಕಾಂತರಾಜ್ ಅಂಗಡಿಯಿಂದ ಬಂದ.

"ರೀ, ಇನ್ಮೇಲೆ ಪಡಸಾಲೇಲೇ ಫುಲ್ ಸಿಗ್ನಲ್ಲು. ಇಲ್ಲೇ ಕೂತು ಮಾತಾಡಿ," ಅಂದಳು ವಿದ್ಯಾಶ್ರೀ, ನಗುತ್ತಾ.

ಅವನ ಮುಖ ಸಪ್ಪಗಾಯಿತು. ಬಾಕ್ಸು ನೋಡಿದ, ಫೋನು ನೋಡಿದ, ಅವಳನ್ನು ಮಾತ್ರ ನೋಡಲಿಲ್ಲ. "ಅಲ್ಲೇ ಅಭ್ಯಾಸ ಆಗಿಹೋಗಿದೆ ಕಣೇ," ಎಂದು ಗೊಣಗಿ ಹಿಂದಿನ ಕೋಣೆಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಮುಗಿಯಿತು. ವಿದ್ಯಾಶ್ರೀಗೆ ಅಳುವೂ ಬಂತು, ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟೂ ಬಂತು. ಅವಳು ಸೀದಾ ಪಡಸಾಲೆಯಲ್ಲಿ ಸಾಮಾನು ಕಟ್ಟಿಕೊಳ್ಳುತ್ತಿದ್ದ ಚಂದ್ರಕುಮಾರ್ ಹತ್ತಿರ ಹೋದಳು.

"ಅವರು ಯಾರಿಗೆ ಫೋನ್ ಮಾಡ್ತಿದಾರೆ ಅಂತ ನಿಮ್ಮ ಮೆಶೀನಲ್ಲಿ ಕಾಣುತ್ತಾ?"

ಅವನಿಗೆ ಮುಜುಗರವಾಯಿತು. "ಅದೆಲ್ಲ ಕಾಣಲ್ಲ ಅಕ್ಕ. ಯಾವ ಫೋನು ಯಾವ ಬಾಕ್ಸಿಗೆ ಕನೆಕ್ಟ್ ಆಗಿದೆ ಅನ್ನೋದಷ್ಟೇ." ತನ್ನ ಮೊಬೈಲು ತೆಗೆದು ನೋಡಿದ. "ಅಣ್ಣನ ಫೋನು ಯಾವುದಕ್ಕೂ ಕನೆಕ್ಟ್ ಆಗಿಲ್ವಲ್ಲ?"

"ಸರಿಯಾಗಿ ನೋಡಿ. ಒಳಗೆ ಮಾತಾಡ್ತಾ ಇದಾರೆ."

ಇಬ್ಬರೂ ಹಿಂದಿನ ಕೋಣೆಯ ಬಾಗಿಲಿಗೆ ಬಂದರು. ಒಳಗಿನಿಂದ ಕಾಂತರಾಜನ ದನಿ ಕೇಳುತ್ತಿತ್ತು. ಚಂದ್ರಕುಮಾರ್ ತನ್ನ ಮೊಬೈಲನ್ನು ಬಾಗಿಲಿನ ಸಂದಿಗೆ ಹಿಡಿದ, ಮೇಲೆತ್ತಿದ, ಕೆಳಗಿಳಿಸಿದ.

"ಅಕ್ಕಾ, ಇಲ್ಲಿ ವೈಫೈನೂ ಇಲ್ಲ, ಟವರೂ ಇಲ್ಲ. ಇಡೀ ಮನೇಲಿ ಇಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಇಲ್ಲಿಂದ ಯಾರಿಗೂ ಫೋನ್ ಹೋಗೋದೇ ಇಲ್ಲ."

ವಿದ್ಯಾಶ್ರೀ ಬಾಗಿಲು ದೂಡಿದಳು.

ಕಾಂತರಾಜ್ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ಮುಖಮಾಡಿ ಕೂತಿದ್ದ. "ಊಟ ಸೇರ್ತಾ ಇದೆಯಾ?" ಎಂದ.

"ಸೇರ್ತಾ ಇದೆ ಕಣಪ್ಪಾ," ಎಂದರು ಬೆನ್ನ ಹಿಂದೆ ಮಂಚದ ಮೇಲಿದ್ದ ಮಲ್ಲಿಕಾಂಬ.

ಬಾಗಿಲ ಸದ್ದಿಗೆ ಅವನು ತಿರುಗಿದ. ಹೆಂಡತಿಯನ್ನು ಕಂಡು ಬಿಳಿಚಿಕೊಂಡ. ಫೋನನ್ನು ಮಾತ್ರ ಕಿವಿಯಿಂದ ಇಳಿಸಲಿಲ್ಲ.

"ಅಮ್ಮನ ಹತ್ರ ಅಲ್ಲ ಕಣೇ, ನಮ್ ಕೃತಿಕಾಗೆ ಏನೂ ಆಗಲ್ಲ... ನಾನು ಫೋನಲ್ಲಿ ಮಾತಾಡ್ತಿರೋದು."