ಸಿಳ್ಳೆಗೆ ಬಂದ ಹೊಲ

ನಿಮ್ಮೂರಿನ ಹೊಲ ನಿಮ್ಮ ಮಾತು ಕೇಳುತ್ತದೆಯೇ? ನಮ್ಮ ಹೊಂಗೆದೊಡ್ಡಿಯ ದುಂಡಮಾದ ಒಂದೇ ಸಿಳ್ಳೆಗೆ ಮೂರೆಕರೆ ಕರೆಸಿಕೊಂಡವನು, ಗೊತ್ತಿರಲಿ!

ಯುಗಾದಿಗೆ ಹೊನ್ನಾರು ಹೂಡುವ, ಅಂದರೆ ವರ್ಷದ ಮೊದಲ ಉಳುಮೆಯ ದಿನ ಹೊಲಗಳು ತಮಗೆ ಬೇಕಾದ ಊರಿನ ಕಡೆ ಸರಿದುಕೊಳ್ಳುವುದು ಎಲ್ಲ ಕಡೆ ಇದ್ದದ್ದೇ. ಈ ಸಲ ಪಕ್ಕದೂರು ಕಲ್ಲುಬಾಳಿನ ಗಡಿ ಹೊಲ ಬಾರದಿದ್ದರೆ ಹೊಂಗೆದೊಡ್ಡಿಯ ಹೆಂಗಸರ ಸಂಘಕ್ಕೆ ರಾಗಿ ಬಿತ್ತಲು ಅಂಗೈಯಗಲ ಮಣ್ಣೂ ಇರಲಿಲ್ಲ.

ಆಚೆ ಬದುವಿನಲ್ಲಿ ಕಲ್ಲುಬಾಳಿನ ಗುರುಮಲ್ಲಪ್ಪ ಗೊಬ್ಬರದ ಚೀಲ ಬಿಚ್ಚಿ, "ಬಾ ಮಗ, ಬಾ" ಎಂದು ಹೊಲವನ್ನು ಪುಸಲಾಯಿಸುತ್ತಿದ್ದ. ದುಂಡಮಾದ ಈಚೆ ಬದು ಹತ್ತಿ ಕಾಲರ್ ಎತ್ತಿದ.

"ಗುರುಮಲ್ಲಣ್ಣ, ಎಂಟ್ರಿ ನಿಮ್ದು, ಇಂಟರ್ವಲ್ಲೂ ನಿಮ್ದು. ಕ್ಲೈಮ್ಯಾಕ್ಸ್ ಮಾತ್ರ ಮಣ್ಣಿಂದು!"

"ಡೈಲಾಗು ಸಾಕು, ಅದೇನ್ ಊದೀಯೋ ಊದ್ಲಾ" ಎಂದಳು ಅವನ ಸೋದರತ್ತೆ, ಸಂಘದ ಚಿಕ್ಕತಾಯಮ್ಮ.

ದುಂಡಮಾದ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಹೊಲ ಮೈ ಕೊಡವಿ, ತನ್ನೆರಡು ಬೇವಿನ ಮರಗಳನ್ನೂ ಹೊತ್ತುಕೊಂಡು ಈಚೆಗೆ ಸರಿಯಿತು. ಅವನ ಎದೆ ಎರಡು ಗೇಣು ಉಬ್ಬಿತು.

ಗುರುಮಲ್ಲಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಅದೇನ್ ಹಾಕುದ್ರವ್ವ ಇದ್ಕೆ?" ಎಂದು ಚಿಕ್ಕತಾಯಮ್ಮನನ್ನು ಕೇಳಿದ.

"ಹೊಂಗೆ ಸೊಪ್ಪು ಕಣಣ್ಣ. ಬಿಸ್ಲಲ್ಲಿ ಬರಿ ಮೈಲಿ ಬಿದ್ದಿತ್ತು, ನೋಡಕಾಗ್ನಿಲ್ಲ."

ಸರಿ, ನಿಜ ಹೇಳಿಬಿಡುತ್ತೇನೆ. ಪಕ್ಕದೂರಿನ ಹೊಲ ಎಂದು ನೋಡದೆ, ಸಂಘದ ಹನ್ನೆರಡು ಹೆಂಗಸರು ಮೂರು ತಿಂಗಳು ಸೊಪ್ಪು ಹೊತ್ತು ತಂದು ಅದಕ್ಕೆ ಹೊದಿಸಿದ್ದರು. ಹೊಲ ಬಂದು ನಿಂತದ್ದು ಚಿಕ್ಕತಾಯಮ್ಮನ ಕಾಲ ಬುಡದಲ್ಲಿ. ದುಂಡಮಾದನ ಸಿಳ್ಳೆಗೆ ಓಡಿಬಂದದ್ದು ಗುರುಮಲ್ಲಪ್ಪನ ಮೇಕೆ ಒಂದೇ. ಅದನ್ನೂ ದುಂಡಮಾದನೇ ಹೊತ್ತುಕೊಂಡು ಹೋಗಿ ವಾಪಸ್ ಬಿಟ್ಟುಬರಬೇಕಾಯಿತು.